ಅಣ್ಣನಿಗೆ ಕೊಟ್ಟ ಕಾಲುಚೀಲ

ಆರು ತಿಂಗಳಿಗೊಮ್ಮೆ ನಾನು ಕಾಲುಚೀಲ ಬದಲಿಸಬೇಕು. ಮೊಣಕಾಲಿನವರೆಗೆ ಬರುವ, ಮೈಬಣ್ಣದ, ಬಿಗಿಯಾದ ಎಲಾಸ್ಟಿಕ್ ಕಾಲುಚೀಲ. ತೊಟ್ಟು ತೊಟ್ಟು ಬಿಗಿ ಸಡಿಲಾದ ಮೇಲೆ ಅದು ಇದ್ದೂ ಇಲ್ಲದಂತೆ. ಹೋದ ವಾರ ಶಹಾಬಜಾರದಲ್ಲಿ, ನಾವಿರುವ ಓಣಿಯ ತುದಿಯ ಔಷಧ ಅಂಗಡಿಯವನು ಹೊಸ ಡಬ್ಬಿ ಬಿಚ್ಚಿ, ಒಂದನ್ನು ಹೊರಗೆಳೆದು ಎರಡು ಕೈಯಲ್ಲಿ ಹಿಗ್ಗಿಸಿ ತೋರಿಸಿದ. ಹೊಸ ರಬ್ಬರು, ಅದಕ್ಕೆ ಸವರಿದ ಪುಡಿ, ಎರಡೂ ಸೇರಿದ ವಾಸನೆ ಬಂತು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ಅದನ್ನು ಗಮನಿಸಲಿಲ್ಲ.

“ಮನ್ಯಾಗ ಮತ್ಯಾರದರೆ ಕಾಲು ನೋಯ್ತಿದ್ರ ಅವ್ರಿಗೂ ಒಂದು ಜೋಡಿ ಒಯ್ರಿ ಮೇಡಂ. ಭಾಳ ಮಂದಿ ಒಯ್ತಾರ,” ಎಂದ.

ಬೇಡ ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಪಕ್ಕದಲ್ಲಿ ಮಾತ್ರೆಗೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು.

ಮೂರು ವರ್ಷದ ಹಿಂದಿನ ಆ ಚಳಿಗಾಲವನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ದಸರೆಯಿಂದ ಹೋಳಿಯವರೆಗೆ ಐದು ತಿಂಗಳಷ್ಟೇ. ಆದದ್ದನ್ನು ಆದ ಕ್ರಮದಲ್ಲಿ ಬರೆಯಬೇಕೆಂದಿದ್ದೇನೆ. ಕ್ರಮ ತಪ್ಪಿಸಿದರೆ ನನ್ನ ಪಾಲು ಕಡಿಮೆಯಾಗಿ ಕಾಣುತ್ತದೆ. ಅದನ್ನು ಮನಸ್ಸಿನಲ್ಲಿ ಎಷ್ಟೋ ಸಲ ಮಾಡಿ ನೋಡಿದ್ದೇನೆ.

ಮೊದಲು ನನ್ನ ಕಾಲಿನ ಮಾತು. ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತು ವರ್ಷ ನಿಂತು ಪಾಠ ಹೇಳಿದ ಕಾಲುಗಳು ಇವು. ಆ ವರ್ಷದ ಬೇಸಿಗೆಯಲ್ಲಿ ಎಡ ಮೀನಖಂಡದ ಮೇಲೆ ನೀಲಿ ನರಗಳು ಗಂಟು ಹಾಕಿದ ಹಗ್ಗದಂತೆ ಎದ್ದುಕೊಂಡವು. ಸಂಜೆಗೆ ಪಾದ ಬಾತು ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗುತ್ತಿತ್ತು. ಡಾಕ್ಟರಿಗೆ ತೋರಿಸಿದೆ. ಕಾಲಿಗೆ ಇಳಿದ ರಕ್ತ ಹೃದಯಕ್ಕೆ ಮರಳುವ ನಾಳಗಳಲ್ಲಿ ಸಣ್ಣ ಸಣ್ಣ ಕವಾಟಗಳಿರುತ್ತವೆ, ಅವು ಸಡಿಲಾಗಿವೆ, ಅದಕ್ಕೇ ರಕ್ತ ಕೆಳಗೇ ನಿಲ್ಲುತ್ತಿದೆ ಎಂದರು. ಹಗಲು ಬಿಗಿ ಕಾಲುಚೀಲ ತೊಡಬೇಕು, ಮಲಗುವಾಗ ಕಾಲ ಕೆಳಗೆ ಎರಡು ದಿಂಬು ಇಡಬೇಕು. ಇಷ್ಟೇ ಮದ್ದು. ಮಳೆಗಾಲ ಮುಗಿಯುವುದರೊಳಗೆ ಬಾವು ಇಳಿಯಿತು. ಸಂಜೆ ಮೆಟ್ಟಿಲು ಹತ್ತುವಾಗ ನರಳುವುದು ನಿಂತಿತು.

ಆಮೇಲೆ ಸ್ಟಾಫ್ ರೂಮಿನಲ್ಲಿ ಯಾರು ಕಾಲು ನೋವೆಂದರೂ ನಾನು ಮದ್ದು ಹೇಳತೊಡಗಿದೆ. ನನ್ನ ಮಾತು ಕೇಳಿ ಇಬ್ಬರು ಟೀಚರುಗಳು ಕಾಲುಚೀಲ ಕೊಂಡರು, ಇಬ್ಬರಿಗೂ ಗುಣವಾಯಿತು. ಅವರು ನನ್ನನ್ನು ‘ಕಾಲಿನ ಡಾಕ್ಟರು’ ಎಂದು ಕರೆದು ನಗುತ್ತಿದ್ದರು. ನನಗೆ ಅದು ಹಿಡಿಸುತ್ತಿತ್ತು.

ಅಣ್ಣ ಅಂಬಾರಾಯ ನನಗಿಂತ ಏಳು ವರ್ಷ ದೊಡ್ಡವನು. ಕಮಲಾಪುರದಲ್ಲಿ ನೀರು ಬಿಡುವ ಕೆಲಸ ಅವನದು. ಊರ ಮೇಲ್ಭಾಗದಲ್ಲಿ ಟ್ಯಾಂಕು. ಅಲ್ಲಿಂದ ಇಳಿಯುವ ಪೈಪಿಗೆ ಓಣಿ ಓಣಿಗೂ ನೆಲದೊಳಗೆ ಒಂದೊಂದು ವಾಲ್ವ್. ಎದೆಯೆತ್ತರದ ಕಬ್ಬಿಣದ ಚಾವಿಯೊಂದನ್ನು ಹೆಗಲ ಮೇಲಿಟ್ಟುಕೊಂಡು ಮುಂಜಾನೆ ಐದಕ್ಕೆ ಹೊರಟರೆ, ಒಂದು ಓಣಿಯದು ತೆರೆದು ಇನ್ನೊಂದರದು ಮುಚ್ಚುತ್ತ ಹತ್ತರವರೆಗೆ ನಡೆಯುತ್ತಿದ್ದ. ಊರವರಿಗೆ ಅವನು ‘ಚಾವಿ ಅಂಬಾರಾಯ’. ವಾಲ್ವ್ ತಿರುಗಿಸಿದ ಮೇಲೆ ಚಾವಿಯ ಒಂದು ತುದಿಯನ್ನು ಅದರ ಮೇಲೆಯೇ ಬಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದ. ಒಳಗೆ ನೀರು ಹರಿಯುವ ಸದ್ದು ಕಬ್ಬಿಣದಲ್ಲಿ ಹತ್ತಿ ಬರುತ್ತದಂತೆ. ತುಂಬಿ ಹರಿಯುತ್ತಿದೆಯೋ, ಸಣ್ಣಗೆ ಹೋಗುತ್ತಿದೆಯೋ, ನಡುವೆ ಎಲ್ಲಾದರೂ ಕಟ್ಟಿಕೊಂಡಿದೆಯೋ ಆ ಸದ್ದಿನಲ್ಲೇ ಹೇಳುತ್ತಿದ್ದ. ಚಿಕ್ಕವಳಿದ್ದಾಗ ನಾನೂ ಕಿವಿ ಹಚ್ಚಿ ನೋಡಿದ್ದೆ. ಕಬ್ಬಿಣ ತಣ್ಣಗಿತ್ತು, ಮತ್ತೇನೂ ಕೇಳಿಸಲಿಲ್ಲ.

ಟ್ಯಾಂಕಿಗೆ ಎಲ್ಲಕ್ಕಿಂತ ದೂರದ ಓಣಿಯಲ್ಲಿ ಚಾಂದಬೀ ಎಂಬ ಮುದುಕಿಯ ಮನೆ. ಆ ಓಣಿಯ ಸರದಿ ಬಂದಾಗ ಅಣ್ಣ ಅವಳಿಗೆ ಫೋನ್ ಹಚ್ಚಿ ಒಂದೇ ಮಾತು ಕೇಳುತ್ತಿದ್ದ: “ಬಂತೇನು?” ಬಂದಿದ್ದರೂ ಅವಳು ಬಂದಿಲ್ಲವೆನ್ನುತ್ತಿದ್ದಳು. “ಬರೀ ಗಾಳಿ ಬರ್ತದೋ ಅಂಬಾರಾಯ. ನಮ್ಮ ಓಣಿ ನಿನ್ನ ನಕಾಶಿದಾಗ ಇಲ್ಲೇನು?” ಸುಳ್ಳೆಂದು ಅವನಿಗೆ ಗೊತ್ತು. ಅವಳ ಕೊಡ ತುಂಬುವ ಸದ್ದು ಫೋನಿನಲ್ಲೇ ಕೇಳುತ್ತಿರುತ್ತಿತ್ತು. ಆದರೂ ಹತ್ತು ನಿಮಿಷ ಹೆಚ್ಚಿಗೆ ಬಿಡುತ್ತಿದ್ದ.

ಅಪ್ಪ ಹೋದಾಗ ಅವನು ಹತ್ತನೆಯ ತರಗತಿಯಲ್ಲಿದ್ದ. ಶಾಲೆ ಬಿಟ್ಟ. ನನ್ನನ್ನು ಬಿಡಿಸಲಿಲ್ಲ. ನಾನು ಬಿ.ಎಸ್ಸಿ. ಓದಲು ಕಲಬುರಗಿಗೆ ಹೋಗಿ ಬರುತ್ತಿದ್ದ ವರ್ಷಗಳಲ್ಲಿ, ನೀರಿನ ಪಾಳಿ ಮುಗಿಸಿ ಬಸ್ ಸ್ಟ್ಯಾಂಡಿಗೆ ಸೈಕಲ್ ಮೇಲೆ ಬಿಡುತ್ತಿದ್ದ. ಮನೆಯಲ್ಲಿ ಯಾವ ಮಾತು ಬಂದರೂ ಕಡೆಗೆ “ಸುಜಾತಾನ ಕೇಳ್ರಿ, ಆಕಿ ಕಲತಾಕಿ” ಎನ್ನುತ್ತಿದ್ದ. ಇದನ್ನು ಬರೆಯಲೇಬೇಕು. ಅವನು ನನ್ನ ಮಾತು ಕೇಳಿದ್ದು ಇದೇ ಕಾರಣಕ್ಕೆ.

ಆ ದಸರಾ ರಜೆಯಲ್ಲಿ ಕಮಲಾಪುರಕ್ಕೆ ಹೋದೆ. ಅಣ್ಣ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಹಣ್ಣಿನ ಗಾಡಿಯವಳ ಹತ್ತಿರ ಕೆಂಪು ಬಾಳೆಯ ಚಿಪ್ಪೊಂದು ಹಿಡಿದು ನಿಂತಿದ್ದ. ಮನೆಗೆ ಹತ್ತು ನಿಮಿಷದ ದಾರಿ. ಆ ದಾರಿಯಲ್ಲಿ ಮೂರು ಸಲ ನಿಂತ. ಮೊದಲ ಸಲ ಗೋಡೆಗೆ ಒರಗಿ ಬೀಡಿ ಹಚ್ಚಿದ. ಎರಡನೆಯ ಸಲ ಅದು ಆರಿತೆಂದು ಮತ್ತೆ ಹಚ್ಚಿದ. ಮೂರನೆಯ ಸಲ ಹೊಸದು ತೆಗೆದ. ಚೌಕದಲ್ಲಿ ಕೂತವನೊಬ್ಬ, “ಏನ್ ಅಂಬಾರಾಯ, ಊರ ನೋಡಾಕ ಬಂದ ಪಾವ್ಣ್ಯಾನಂಗ ನಿಂತು ನಿಂತು ಹೊಂಟಿ,” ಎಂದು ಕೆಣಕಿದ. ಅಣ್ಣ ನಕ್ಕ. ನಾನು ಬೀಡಿಗಾಗಿ ಬೈದೆ.

ಮನೆಯಲ್ಲಿ ಅಣ್ಣನ ಹೆಂಡತಿ, ಮಹಾದೇವಿ ವೈನಿ, ರೊಟ್ಟಿ ತಟ್ಟುತ್ತಿದ್ದರು. ಅಣ್ಣ ಹೊರಗೆ ಹೋದ ಮೇಲೆ ನನ್ನ ಕಡೆ ನೋಡದೆಯೇ ಹೇಳಿದರು: “ಬೀಡಿ ಸೇದಾಕ ನಿಲ್ಲಂಗಿಲ್ಲ ಸುಜಾತಾ. ನಿಲ್ಲಾಕ ಬೀಡಿ ಹಚ್ತಾರ.”

ನೂರು ಹೆಜ್ಜೆ ನಡೆದರೆ ಎಡ ಮೀನಖಂಡ ಹಿಂಡಿದಂತಾಗುತ್ತದಂತೆ. ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತದಂತೆ. ಸುಮ್ಮನೆ ನಿಂತರೆ ಜನ ಕೇಳುತ್ತಾರೆ, ಮೈಗಳ್ಳನೆಂದು ಆಡಿಕೊಳ್ಳುತ್ತಾರೆ. ಬೀಡಿ ಹಚ್ಚಿದರೆ ಯಾರೂ ಕೇಳುವುದಿಲ್ಲ. ಹೀಗೆ ದಿನಕ್ಕೆ ಒಂದು ಕಟ್ಟು ಇದ್ದದ್ದು ಎರಡಾಗಿತ್ತು.

ಮರುದಿನ ಅವನನ್ನು ಕೂಡಿಸಿ ಕೇಳಿದೆ. ಅಣ್ಣ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ನೋಡವ್ವ, ಟ್ಯಾಂಕಿನ್ಯಾಗ ನೀರದ. ಟ್ಯಾಂಕಿನ ಬುಡಕ ಇರೋ ಓಣಿಗೆ ಧೋ ಅಂತ ಬರ್ತದ. ಚಾಂದಬೀ ಓಣಿಗೆ ಹೋಗೂದ್ರಾಗ ದಮ್ ಹೋಗ್ತದ. ನನ್ನ ಕಾಲಿಗೂ ಹಂಗ ಆಗ್ಯಾದ. ಕುಂತ್ರ ಸಾಕಾಗ್ತದ, ನಡದ್ರ ಸಾಲಂಗಿಲ್ಲ. ನಡುವ ಎಲ್ಲೋ ಸುಣ್ಣ ಕಟ್ಟೇದ.”

ನಾನು ನಕ್ಕೆ. ಅದು ಪೈಪಲ್ಲ, ನರ ಎಂದೆ. ಸೀರೆ ಸ್ವಲ್ಪ ಎತ್ತಿ, ಕಾಲುಚೀಲ ಇಳಿಸಿ ನನ್ನ ಮೀನಖಂಡ ತೋರಿಸಿದೆ. ನಮ್ಮ ಮನೆತನಕ್ಕೇ ಇದು ಬಂದಂತಿದೆ, ರಕ್ತ ಬರುವುದರಲ್ಲಿ ತೊಂದರೆ ಇಲ್ಲ, ಬಂದದ್ದು ತಿರುಗಿ ಹೋಗುವುದಿಲ್ಲ ಎಂದು ವಿವರಿಸಿದೆ. ಶಾಲೆಯಲ್ಲಿ ಕೆಂಪು ಸೀಮೆಸುಣ್ಣದಿಂದ ಹೃದಯದಿಂದ ಹೊರಡುವ ನಾಳಗಳನ್ನೂ ನೀಲಿಯಿಂದ ಹೃದಯಕ್ಕೆ ಮರಳುವ ನಾಳಗಳನ್ನೂ ಬರೆಯುವವಳು ನಾನು. ಎರಡೂ ಕೆಡಬಹುದು, ಬೇರೆ ಬೇರೆ ರೀತಿ ಕೆಡಬಹುದು ಎನ್ನುವುದು ಆ ಹೊತ್ತಿಗೆ ತಲೆಗೆ ಬರಲಿಲ್ಲ.

ಅಣ್ಣ ನನ್ನ ಕಾಲನ್ನು ನೋಡಿದ, ತನ್ನ ಕಾಲನ್ನು ನೋಡಿಕೊಂಡ. “ನಿನ್ನ ಕಾಲ ಮ್ಯಾಲ ಹಗ್ಗ ಎದ್ದಾವ. ನನ್ನ ಕಾಲ ಮ್ಯಾಲ ಏನದ?”

“ನಿನ್ನವು ಒಳಗದಾವ,” ಎಂದೆ.

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದದ್ದು.

ಅವನ ಕಾಲು ನನ್ನ ಕಣ್ಣೆದುರೇ ಇತ್ತು. ಎಡ ಮೊಣಕಾಲಿನ ಕೆಳಗೆ ಕೂದಲೆಲ್ಲ ಉದುರಿ ಚರ್ಮ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಹೆಬ್ಬೆರಳಿನ ಉಗುರು ದಪ್ಪವಾಗಿ ಹಳದಿಯಾಗಿತ್ತು. ಬಾವು ಇರಲಿಲ್ಲ, ಬಲಗಾಲಿಗಿಂತ ಎಡಗಾಲು ಸಣ್ಣಗಿತ್ತು. ಮುಟ್ಟಿದೆ, ತಣ್ಣಗಿತ್ತು. ಇಷ್ಟನ್ನೂ ನಾನು ನೋಡಿದೆ. ಈಗ ಒಂದೊಂದಾಗಿ ಹೇಳಬಲ್ಲೆನೆಂದರೆ ಆಗ ಕಂಡಿತ್ತೆಂದೇ ಅರ್ಥ. ಪ್ರಯೋಗಾಲಯದಲ್ಲಿ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು, ಮೊದಲು ನೋಡಿ, ಆಮೇಲೆ ಹೆಸರು ಕೊಡಿ ಎನ್ನುವುದು. ನಾನು ಮೊದಲೇ ಹೆಸರು ಕೊಟ್ಟುಬಿಟ್ಟಿದ್ದೆ.

ಡಾಕ್ಟರಿಗೆ ತೋರಿಸಬೇಕೇ ಎಂದು ವೈನಿ ಕೇಳಿದರು. ಅವಶ್ಯವಿಲ್ಲ, ಅವರು ಹೇಳುವುದೂ ಇದನ್ನೇ ಎಂದೆ.

ಡಿಸೆಂಬರಿನಲ್ಲಿ ಚಳಿ ಬಿತ್ತು. ನಮ್ಮ ಕಡೆಯ ಚಳಿ ಹೆಚ್ಚು ದಿನದ್ದಲ್ಲ, ಆದರೆ ಮುಂಜಾನೆ ಐದಕ್ಕೆ ಕಬ್ಬಿಣ ಹಿಡಿಯುವವನಿಗೆ ಅದು ಚಳಿಯೇ. ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ಬಸ್ಸು ಹತ್ತಿದೆ. ಚೀಲದಲ್ಲಿ ನನ್ನದೊಂದು ಜೋಡಿ ಕಾಲುಚೀಲವಿತ್ತು. ಕೊಂಡು ಒಂದೇ ತಿಂಗಳಾಗಿತ್ತು. ನನಗೇ ತುಸು ಹೆಚ್ಚು ಬಿಗಿ ಎಂದು ತೆಗೆದಿಟ್ಟಿದ್ದೆ. ಅಣ್ಣನ ಕಾಲು ಸಣ್ಣದು, ಅವನಿಗೆ ಸರಿಯಾಗುತ್ತದೆ ಎಂದುಕೊಂಡೆ. ನಮ್ಮಲ್ಲಿ ಒಬ್ಬರ ಮಾತ್ರೆ ಇನ್ನೊಬ್ಬರು ನುಂಗುವುದು, ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿ ನೋಡುವುದು ಹೊಸದೇನಲ್ಲ. ಒಬ್ಬರಿಗೆ ಗುಣವಾದದ್ದನ್ನು ಮನೆಯವರಿಗೆ ಹೇಳದಿದ್ದರೆ ಅದೇ ತಪ್ಪು. ನಾನು ಪ್ರೀತಿಯಿಂದಲೇ ಒಯ್ದೆ. ಇದನ್ನು ಬರೆದರೆ ಏನೂ ಹಗುರಾಗುವುದಿಲ್ಲ, ಆದರೆ ನಿಜ.

ಹೊರಸಿನ ಮೇಲೆ ಅವನನ್ನು ಮಲಗಿಸಿ, ಎಡಗಾಲು ಎತ್ತಿ ಹಿಡಿಸಿ, ನಾನೇ ತೊಡಿಸಿದೆ. ಕಾಲುಚೀಲದ ಒಳಬದಿ ಹೊರಗೆ ಬರುವಂತೆ ತಿರುವಿ ಹಿಮ್ಮಡಿಯವರೆಗೆ ಏರಿಸಿ, ಆಮೇಲೆ ಸುಕ್ಕು ಬೀಳದಂತೆ ಮೇಲೆಳೆಯಬೇಕು. ಅಣ್ಣ ಹಲ್ಲು ಕಚ್ಚಿಕೊಂಡ. ನೋವು ಹೆಚ್ಚಾಗುತ್ತಿದೆ ಎಂದ. ಮೊದಲ ಮೂರು ದಿನ ಹಾಗೇ, ನನಗೂ ಆಗಿತ್ತು ಎಂದೆ. ಕಾಲ ಕೆಳಗೆ ಎರಡು ದಿಂಬು ಇಟ್ಟೆ.

ಮರುದಿನ ಬೆಳಗ್ಗೆ ನಾನು ಎದ್ದಾಗ ಅವನು ಹೊರಸಿನ ಅಂಚಿಗೆ ಕೂತಿದ್ದ. ಎಡಗಾಲು ಕೆಳಗೆ ಇಳಿಬಿಟ್ಟು ಪಾದವನ್ನು ನೆಲದ ಫರಸಿ ಕಲ್ಲಿನ ಮೇಲಿಟ್ಟಿದ್ದ. ಕಾಲುಚೀಲ ಪಕ್ಕದಲ್ಲಿ ಮುದುಡಿ ಬಿದ್ದಿತ್ತು. ಪಾದ ಕೆಂಪು ಮೂಲಂಗಿಯ ಬಣ್ಣಕ್ಕೆ ತಿರುಗಿತ್ತು. ನನಗೆ ಸಿಟ್ಟು ಬಂತು. ರಕ್ತ ಕೆಳಗಿಳಿಯಬಾರದೆಂದು ದಿಂಬು ಇಟ್ಟರೆ ಕಾಲು ಇಳಿಬಿಟ್ಟು ಕೂತಿದ್ದೀಯಲ್ಲ ಎಂದೆ.

“ಕೆಳಗ ಬಿಟ್ರ ನೋವು ಜರಾ ತಂಪಾಗ್ತದ,” ಎಂದ. “ತಗ್ಗಿಗೆ ನೀರು ಇಳೀತದ ನೋಡು, ಹಂಗ. ಮ್ಯಾಲ ಇಟ್ರ ಒಣಗ್ತದ.”

ನಾನು ಅವನ ಕಾಲನ್ನು ಎರಡು ಕೈಯಲ್ಲಿ ಎತ್ತಿ ಮತ್ತೆ ದಿಂಬಿನ ಮೇಲಿಟ್ಟೆ. ನೋಡುನೋಡುತ್ತಿದ್ದಂತೆ ಕೆಂಪು ಇಳಿಯಿತು. ಒಂದೆರಡು ನಿಮಿಷಕ್ಕೆ ಪಾದ ಒಗೆದ ಬಟ್ಟೆಯಂತೆ ಬೆಳ್ಳಗಾಯಿತು. “ನೋಡ್ರಿ, ಹೆಂಗ ಇಳೀತು,” ಎಂದು ವೈನಿಗೆ ತೋರಿಸಿದೆ. ವೈನಿ ಬೆರಳುಗಳನ್ನೇ ನೋಡುತ್ತಿದ್ದರು. “ಸತ್ತವ್ರ ಕಾಲಂಗ ಕಾಣ್ತದಲ್ಲ ಸುಜಾತಾ,” ಎಂದರು. ನಾನು ಕಾಲುಚೀಲ ಮತ್ತೆ ತೊಡಿಸಿದೆ. ಸೋಮವಾರ ಶಾಲೆಯಿತ್ತು, ಸಂಜೆಯ ಬಸ್ಸಿಗೆ ಮರಳಿದೆ.

ಅದಾದ ಮೇಲೆ ಮೂರು ವಾರ ಫೋನಿನಲ್ಲೇ ಕೇಳಿದೆ. ತೊಟ್ಟಿದ್ದೀಯೇನು? ತೊಟ್ಟೀನಿ. ದಿಂಬು? ಇಟ್ಟೀನಿ. ಅವನು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಚಾಂದಬೀಯ ಹಾಗೆ ಸುಳ್ಳು ಹೇಳಿ ನನ್ನಿಂದ ತಪ್ಪಿಸಿಕೊಂಡಿದ್ದರೆ. ಆದರೆ ವೈನಿ ಆಮೇಲೆ ಹೇಳಿದರು, ಒಂದು ದಿನವೂ ತಪ್ಪಿಸಲಿಲ್ಲವಂತೆ. ನೀರಿನ ಪಾಳಿಗೂ ಅದನ್ನೇ ತೊಟ್ಟು ಹೋಗುತ್ತಿದ್ದನಂತೆ. ನೋವು ತಡೆಯದಾದಾಗ, “ಕಲತಾಕಿ ಹೇಳ್ಯಾಳ, ಸುಮ್ಮನಿರು,” ಎಂದು ವೈನಿಯನ್ನೇ ಗದರುತ್ತಿದ್ದನಂತೆ.

ಸಂಕ್ರಾಂತಿ ಕಳೆದು ನಾಲ್ಕೈದು ದಿನವಾಗಿತ್ತು. ನಾನು ಪಾಠದಲ್ಲಿದ್ದಾಗ ವೈನಿಯ ಫೋನ್ ಎರಡು ಸಲ ಬಂದು ನಿಂತಿತ್ತು. ಬಿಡುವಿನಲ್ಲಿ ಹಚ್ಚಿದೆ. ಕಿರುಬೆರಳಿನ ಹತ್ತಿರ ಕಾಲುಚೀಲದ ಹೊಲಿಗೆ ಒತ್ತಿ ಒಂದು ಗಾಯವಾಗಿತ್ತು, ಎಂಟು ದಿನವಾದರೂ ಮಾಯಲಿಲ್ಲ ಎಂದರು. ಆಮೇಲೆ, “ಬೆರಳು ಕರ್ರಗಾಗ್ಯಾದ,” ಎಂದರು.

ಮರುದಿನ ಮುಂಜಾನೆ ವೈನಿ ಮತ್ತು ಅವನ ಜೊತೆ ನೀರಿನ ಕೆಲಸ ಮಾಡುವವನೊಬ್ಬ ಸೇರಿ ಅವನನ್ನು ಕಲಬುರಗಿಗೆ ಕರೆತಂದರು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಬಸ್ಸಿನಿಂದ ಆಟೋದವರೆಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ಎರಡು ಸಲ ನಿಂತ. ಬೀಡಿ ಹಚ್ಚಲಿಲ್ಲ. ಕಾಲುಚೀಲ ಕಾಲಿನಲ್ಲೇ ಇತ್ತು. ಬೆರಳ ಹತ್ತಿರ ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಆಟೋದಲ್ಲಿ ವಾಸನೆ ಬಂತು. ರಬ್ಬರಿನ ವಾಸನೆ, ಅದರ ಅಡಿಯಲ್ಲಿ ಇನ್ನೊಂದು.

ರಕ್ತನಾಳದ ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುವವರು. ಕಾಲುಚೀಲವನ್ನು ಕತ್ತರಿಯಿಂದ ಕತ್ತರಿಸಿ ತೆಗೆದರು. ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು ಬಹಳ ಹೊತ್ತು ಬಡಿತ ಹುಡುಕಿದರು. ಹಿಮ್ಮಡಿಯ ಒಳಬದಿಗೆ ಇಟ್ಟರು. ಮೊಣಕಾಲಿನ ಹಿಂದೆ ಇಟ್ಟರು. ಆಮೇಲೆ ಒಂದು ಪುಟ್ಟ ಯಂತ್ರ ತಂದರು. ಪೆನ್ನಿನಂಥದೊಂದನ್ನು ಚರ್ಮಕ್ಕೆ ತಾಗಿಸಿದರೆ ಒಳಗೆ ರಕ್ತ ಹರಿಯುವ ಸದ್ದು ಹೊರಗೆ ಕೇಳುತ್ತದೆ. ಬಲಗಾಲಿನ ಮೇಲೆ ಇಟ್ಟಾಗ ಸುಂಯ್, ಸುಂಯ್ ಎಂದಿತು. ಅಣ್ಣ ಮೊಣಕೈ ಊರಿ ಅರ್ಧ ಎದ್ದ. ಕಿವಿ ಕೊಟ್ಟ. ಆ ಮುಖ ನನಗೆ ಗೊತ್ತಿತ್ತು. ಚಾವಿಗೆ ಕಿವಿ ಹಚ್ಚಿ ನಿಂತಾಗಿನ ಮುಖ.

ಎಡಗಾಲಿನಲ್ಲಿ ತೊಡೆಸಂದಿಯಲ್ಲಿ ಸದ್ದಿತ್ತು. ಮೊಣಕಾಲಿನ ಹಿಂದೆ ಎಳೆಯಷ್ಟೇ ಇತ್ತು. ಕಾಲ್ಗಂಟಿಗೆ ಬಂದಾಗ ಏನೂ ಇಲ್ಲ, ಬರೀ ಗಾಳಿಯಂಥ ಗರಗರ. ಡಾಕ್ಟರು ಪೆನ್ನನ್ನು ಅತ್ತಿತ್ತ ಸರಿಸಿ ಹುಡುಕಿದರು.

“ಅಲ್ಲಿ ಹುಡಕಬ್ಯಾಡ್ರಿ ಸಾಹೇಬ್ರ,” ಎಂದ ಅಣ್ಣ. “ಮ್ಯಾಲ ತೊಡಿಯಾಗ ಬಂದ್ ಆಗ್ಯಾದ. ಇಲ್ಲಿ ಬರೂದಿಲ್ಲ ಅದು.”

ಡಾಕ್ಟರು ಅವನನ್ನು ಆಶ್ಚರ್ಯದಿಂದ ನೋಡಿದರು. ಹೌದು, ಹಾಗೇ ಇದೆ, ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಅಣ್ಣ ಮತ್ತೆ ಹಿಂದಕ್ಕೆ ಒರಗಿದ. ನಾನು ಗೋಡೆಯ ಕಡೆ ನೋಡುತ್ತಿದ್ದೆ.

ಆಮೇಲೆ ಅವರು ಕತ್ತರಿಸಿದ ಕಾಲುಚೀಲವನ್ನು ಇಕ್ಕಳದಿಂದ ಎತ್ತಿ ಹಿಡಿದು, ಇದನ್ನು ಯಾರು ಹೇಳಿದ್ದು ಎಂದು ಕೇಳಿದರು. ದನಿ ಏರಲಿಲ್ಲ. ರಕ್ತ ಮರಳದ ಕಾಲಿಗೆ ಇದು ಮದ್ದು, ರಕ್ತವೇ ಮುಟ್ಟದ ಕಾಲಿಗೆ ಇದು ಉರುಲು ಎಂದರು. ಅಂಥ ಕಾಲನ್ನು ಎತ್ತಿಡಲೂಬಾರದು, ಅಷ್ಟಿಷ್ಟು ಇಳಿಯುವುದೂ ನಿಲ್ಲುತ್ತದೆ ಎಂದರು. ಯಾವ ಡಾಕ್ಟರು ಬರೆದುಕೊಟ್ಟರು?

ಕೋಣೆಯಲ್ಲಿ ನಾವು ನಾಲ್ವರಿದ್ದೆವು. ವೈನಿ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ ಎಂದು ಬರೆಯಬೇಕೆನಿಸುತ್ತದೆ. ತೆರೆಯಲಿಲ್ಲ.

“ಯಾರೂ ಇಲ್ರಿ,” ಎಂದ ಅಣ್ಣ. “ನಾನ ಅಂಗಡ್ಯಾಗ ನೋಡಿ ತಗೊಂಡೀನಿ.”

ಡಾಕ್ಟರು ನಿಟ್ಟುಸಿರು ಬಿಟ್ಟು, “ಹಿಂಗ ಮಾಡ್ತೀರಿ ನೋಡ್ರಿ ನೀವೆಲ್ಲ,” ಎಂದರು. ಓದು ಬರಹವಿಲ್ಲದವರಿಗೆ ಹೇಳುವ ಹಾಗೆ ನಿಧಾನವಾಗಿ, ಬೀಡಿಯ ಹೊಗೆ ವರ್ಷಗಟ್ಟಲೆ ನಾಳಗಳನ್ನು ಹೇಗೆ ಕಿರಿದು ಮಾಡುತ್ತದೆ ಎಂದು ವಿವರಿಸಿದರು. ಅಣ್ಣ ತಲೆಯಾಡಿಸುತ್ತ ಕೇಳಿದ. ನಡುವೆ ಅವರು ನನ್ನ ಕಡೆ ತಿರುಗಿ, ನೀವು ಟೀಚರಲ್ಲವೇ, ನೀವಾದರೂ ಮೊದಲೇ ಕರೆತರಬೇಕಿತ್ತು ಎಂದರು. ಹೌದು ಸರ್ ಎಂದೆ. ಅಷ್ಟೇ ನಾನು ಆ ಕೋಣೆಯಲ್ಲಿ ಆಡಿದ ಮಾತು.

ತೊಡೆಯ ನಾಳವನ್ನು ಬಲೂನು ಹಾಕಿ ತೆರೆಯಲು ನೋಡಿದರು. ತೆರೆಯಿತು, ನಾಲ್ಕು ದಿನಕ್ಕೆ ಮತ್ತೆ ಮುಚ್ಚಿತು. ಮೊಣಕಾಲಿನ ಕೆಳಗಿನ ಸಣ್ಣ ನಾಳಗಳು ಒಣಗಿಹೋಗಿದ್ದವು. ಮೇಲಿಂದ ಬಿಟ್ಟ ರಕ್ತಕ್ಕೆ ಹೋಗಲು ದಾರಿಯಿರಲಿಲ್ಲ. ಕಪ್ಪು ಬಣ್ಣ ಕಿರುಬೆರಳಿನಿಂದ ಪಕ್ಕದ ಬೆರಳಿಗೆ, ಅಲ್ಲಿಂದ ಪಾದಕ್ಕೆ ಏರಿತು. ದಿನಾ ಸಂಜೆ ಶಾಲೆ ಮುಗಿಸಿ ಆಸ್ಪತ್ರೆಗೆ ಹೋಗುತ್ತಿದ್ದೆ. ನನ್ನ ಸೀರೆಯ ಕೆಳಗೆ ನನ್ನ ಕಾಲುಚೀಲ ಇರುತ್ತಿತ್ತು. ವಾರ್ಡಿನ ಬಾಗಿಲಿಗೆ ಬಂದಾಗಲೆಲ್ಲ ಅದರ ಬಿಗಿ ಗೊತ್ತಾಗುತ್ತಿತ್ತು. ಫೆಬ್ರವರಿ ಮುಗಿಯುವ ಮುಂಚೆ, ಬಿಸಿಲು ಏರತೊಡಗಿದ್ದ ಒಂದು ಬೆಳಗ್ಗೆ, ಮೊಣಕಾಲಿನ ಕೆಳಗೆ ನಾಲ್ಕು ಬೆರಳು ಬಿಟ್ಟು ಅವನ ಕಾಲು ತೆಗೆದರು.

ಆಮೇಲೊಂದು ದಿನ ಕಾರಿಡಾರಿನಲ್ಲಿ ಡಾಕ್ಟರನ್ನು ಒಬ್ಬಳೇ ಹಿಡಿದು ಕೇಳಿದೆ. ಕಾಲುಚೀಲ ಇರದಿದ್ದರೆ ಕಾಲು ಉಳಿಯುತ್ತಿತ್ತೇ? ಬೀಡಿ ಬಿಡಿಸಿ ದಸರೆಯಲ್ಲೇ ತಂದಿದ್ದರೆ ಉಳಿಸಬಹುದಿತ್ತೇನೋ ಎಂದರು. ಕಾಲುಚೀಲದ ಪಾಲು ಎಷ್ಟೆಂದು ಅಳೆದು ಹೇಳಲಾಗುವುದಿಲ್ಲ ಎಂದರು. ನನಗೆ ಅಳತೆ ಬೇಕಿತ್ತು. ಅರ್ಧವೆಂದರೆ ಅರ್ಧ ಹೊರುತ್ತಿದ್ದೆ. ಅಳತೆಯಿಲ್ಲದ್ದನ್ನು ಎಲ್ಲಿಂದ ಹಿಡಿಯುವುದು?

ಹೋಳಿಯ ಹಿಂದಿನ ದಿನ ಅವನನ್ನು ಕಮಲಾಪುರಕ್ಕೆ ಒಯ್ದೆವು. ಓಣಿಯವರೆಲ್ಲ ಬಂದು ನೋಡಿದರು. ಚಾಂದಬೀ ಊರ ಆ ತುದಿಯಿಂದ ನಡೆದು ಬಂದು ಹೊಸ್ತಿಲಲ್ಲಿ ಕೂತಳು. ನೀರು ಬಿಡಲು ಬೇರೆಯವನು ಬಂದಿದ್ದಾನೆ, ಅವನು ಫೋನು ಹಚ್ಚುವುದಿಲ್ಲ ಎಂದಳು. “ನಳಕ್ಕ ನೀರು ಬರ್ತದೋ ಅಂಬಾರಾಯ, ಸುಳ್ಳ್ಯಾಕ ಹೇಳ್ಲಿ. ಬಂತೇನು ಅಂತ ಕೇಳಾವ್ರ ಇಲ್ಲ.” ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿದ. ಏಪ್ರಿಲ್ ಹದಿನಾಲ್ಕಕ್ಕೆ ಜಯಂತಿಯ ಮೆರವಣಿಗೆ ಬಂತು. ಪ್ರತಿ ವರ್ಷ ಮುಂದೆ ನೀಲಿ ಬಾವುಟ ಹಿಡಿದು ನಡೆಯುತ್ತಿದ್ದವನು ಆ ವರ್ಷ ಕಟ್ಟೆಯ ಮೇಲೆ ಕೂತು, ದಾಟುವವರೆಗೆ ಕೈಮುಗಿದುಕೊಂಡೇ ಇದ್ದ.

ಮೆರವಣಿಗೆಯ ದಿನ ನಾನು ಹೊರಡುವಾಗ ವೈನಿ ಒಂದು ಕಾಗದದ ಪೊಟ್ಟಣ ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿದೆ. ಜೋಡಿಯಲ್ಲಿ ಉಳಿದ ಇನ್ನೊಂದು ಕಾಲುಚೀಲ. ಒಗೆದು, ಒಣಗಿಸಿ, ಮಡಚಿದ್ದರು.

ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ನಾನು ಧೈರ್ಯ ಮಾಡಿ ಹೋದೆ. ಅಣ್ಣ ಒಬ್ಬನೇ ಇದ್ದ. ಆವತ್ತು ಡಾಕ್ಟರ ಮುಂದೆ ನಾನೇ ಹೇಳಬೇಕಿತ್ತು, ತಪ್ಪು ನನ್ನದು ಎಂದು ಶುರುಮಾಡಿದೆ. ಅವನು ಕೈಯೆತ್ತಿ ತಡೆದ.

“ಹೇಳಬ್ಯಾಡ. ಹೇಳಿದ್ರ ನಿನಗ ಹಗುರಾಗ್ತದ. ನನಗೇನಾಗ್ತದ?”

ದನಿಯಲ್ಲಿ ಸಿಟ್ಟಿರಲಿಲ್ಲ. ಪ್ರೀತಿಯೂ ಇರಲಿಲ್ಲ. ಆಮೇಲೆ ಚಹಾ ಮಾಡಲು ಹೇಳಿದ, ಮಾಡಿದೆ, ಇಬ್ಬರೂ ಕುಡಿದೆವು.

ಬೀಡಿ ಬಿಟ್ಟಿದ್ದಾನೆ. ನಿಲ್ಲಲು ಈಗ ನೆಪ ಬೇಕಾಗಿಲ್ಲ. ಬಲಗಾಲಿನ ನಾಳವೂ ಕಿರಿದಾಗಿದೆ, ಕಣ್ಣಿಟ್ಟಿರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಪಾದದ ಮೇಲೆ ಬಡಿತ ಎಲ್ಲಿ ಸಿಗುತ್ತದೆ, ಯಾವ ಬೆರಳಿಡಬೇಕು ಎಂದು ನನಗೆ ಕಲಿಸಿಕೊಟ್ಟರು. ತಿಂಗಳಿಗೊಮ್ಮೆ ಹೋಗುತ್ತೇನೆ. ಅವನು ಪಾದ ನನ್ನ ತೊಡೆಯ ಮೇಲಿಡುತ್ತಾನೆ. ನಾನು ಎರಡು ಬೆರಳಿಟ್ಟು ಕೂರುತ್ತೇನೆ. ಅವನು ಯಾವಾಗಲೂ ಅದೇ ಮಾತು ಕೇಳುತ್ತಾನೆ, ಬಂತೇನು ಎಂದು. ಬಂತು ಎನ್ನುತ್ತೇನೆ.

ಔಷಧ ಅಂಗಡಿಯಿಂದ ಬಂದ ಮರುದಿನ ಭಾನುವಾರವಾಗಿತ್ತು. ಹೋದೆ. ಬೆಳಗಿನ ಚಳಿಗೆ ಅವನ ಪಾದ ತಣ್ಣಗಿತ್ತು. ಬೆರಳಿಟ್ಟೆ. ಮೊದಲು ಏನೂ ಸಿಗಲಿಲ್ಲ. ಸ್ವಲ್ಪ ಒತ್ತಿದೆ, ಏನೋ ಬಡಿದಂತಾಯಿತು. ಅದು ಅವನ ಪಾದದ್ದೋ ನನ್ನ ಬೆರಳ ತುದಿಯದೋ ತಿಳಿಯಲಿಲ್ಲ. ಹೆದರಿದವರ ಬೆರಳು ತಾನೇ ಬಡಿಯುತ್ತದೆ. ತೆಗೆದು, ಕೈ ಉಜ್ಜಿಕೊಂಡು ಮತ್ತೆ ಇಟ್ಟೆ. ವೈನಿ ಒಲೆಯ ಹತ್ತಿರ ಕೈ ತಡೆದು ನಿಂತರು.

“ಬಂತೇನು?” ಎಂದ ಅಣ್ಣ.

“ಗೊತ್ತಾಗವಲ್ದು ಅಣ್ಣಾ,” ಎಂದೆ. “ನನಗ ಗೊತ್ತಾಗವಲ್ದು. ಡಾಕ್ಟರ ಕಡೆ ಹೋಗೋಣು ನಡಿ.”

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಆಮೇಲೆ ಪಾದ ಕೆಳಗಿಳಿಸಿ, ಗೋಡೆಗೆ ಒರಗಿಸಿದ್ದ ಊರುಗೋಲಿಗೆ ಕೈ ಚಾಚಿದ.

“ಇದ ಮಾತು ಆವತ್ತ ಹೇಳಬೇಕಿತ್ತು ನೀನು,” ಎಂದ.